ಒಂದೇ ಸಲ ಹೇಳುವ ಮಾತು

ಕುಮುದಕ್ಕನ ಮೇಲೆ ಅವತ್ತು ನನಗೆ ಬಂದಿದ್ದು ಅಂತಿಂಥ ಸಿಟ್ಟಲ್ಲ. ಹಾಡಿನ ಪಲ್ಲವಿಯನ್ನೇ ತೆಗೆಯಬೇಕಂತೆ!

ನಾನು ಭವ್ಯಶ್ರೀ, ತೀರ್ಥಹಳ್ಳಿಯವಳು. ಗಿಟಾರು, ಲ್ಯಾಪ್‌ಟಾಪು ಇಟ್ಟುಕೊಂಡು ನನ್ನದೇ ಹಾಡು ಕಟ್ಟುತ್ತೇನೆ. ಯೂಟ್ಯೂಬಿಗೆ ಹಾಕಿದ್ದನ್ನು ಅಮ್ಮ ಕೇಳುತ್ತಾಳೆ, ಆಮೇಲೆ ಮತ್ತೆ ಅಮ್ಮನೇ ಕೇಳುತ್ತಾಳೆ. ಹೀಗಿರುವಾಗ ಸಾಗರದ ಕವಿಗೋಷ್ಠಿಯೊಂದರಲ್ಲಿ ಅದೇ ಕಡೆಯ ಕುಮುದಕ್ಕ ಎದ್ದು ನಿಂತು, ಕೈಯಲ್ಲೊಂದು ಚೀಟಿಯೂ ಇಲ್ಲದೆ, ಮಾತಾಡಿದಷ್ಟೇ ಸಲೀಸಾಗಿ ಒಂದು ಕವನ ಹೇಳಿದರು. ಐವತ್ತು ದಾಟಿದ ಮೇಲೆ ಸ್ಕೂಟಿ ಕಲಿತದ್ದರ ಮೇಲೆ ಆ ಕವನ. 'ಯಾರ ಬೆನ್ನ ಹಿಂದೂ ಕೂರದೆ ಆನಂದಪುರಕ್ಕೆ ಹೋಗಿಬಂದೆ' ಎಂದಾಗ ನನ್ನ ಮೈ ಜುಮ್ಮೆಂದಿತು. ಗೋಗರೆದು ಅವರ ದನಿಯನ್ನು ರೆಕಾರ್ಡ್ ಮಾಡಿಕೊಂಡು, ಗಿಟಾರು ಸೇರಿಸಿ ಹಾಡಾಗಿಸಿದೆ. ಅದರ ತುಣುಕು ಕೇಳಿಯೇ ಹೊಸನಗರದ ಸಂಗೀತ ಸಂಜೆಯವರು ನನ್ನನ್ನು ಕರೆದದ್ದು. ನನ್ನ ಮೊದಲ ವೇದಿಕೆ. ಈ ಹಾಡಿಲ್ಲದಿದ್ದರೆ ಅದೂ ಇಲ್ಲ.

ಹೊಸನಗರದಲ್ಲಿ ಗೆಳೆಯ ಪೂರ್ಣೇಶನ ಮೈಕ್‌ಸೆಟ್ ಅಂಗಡಿ. ಸ್ಪೀಕರುಗಳ ನಡುವೆ ಕುಮುದಕ್ಕ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಾಡು ಹಾಕಿದೆ. ಆನಂದಪುರದ ಸಾಲು ನಾಲ್ಕು ಸಲ ಬಂತು.

"ಎಂತಕ್ಕೆ ಕೂಸೆ, ನಾಕು ಸಲ?"

"ಅದು ಕೋರಸ್ಸು ಅಕ್ಕ. ಜನ್ರ ಬಾಯಲ್ಲಿ ಉಳೀಬೇಕಲ್ಲ!"

"ನಾನು ಮೊದಲ್ನೇ ಸಲ ಹೋಗಿದ್ದು ಒಂದೇ ಸಲ. ನಾಕು ಸಲ ಹೇಳಿದ್ರೆ ಹಾಲು ತರಕ್ಕೆ ಹೋದಂಗೆ ಆಗ್ತು."

ಪುನರಾವರ್ತನೆ ತೆಗೆದು ಹಾಕಿ ಕೇಳಿದೆವು. "ವಾರ್ತೆ ಓದ್ದಂಗಾಯ್ತಲ್ಲೇ ಮಾರಾಯ್ತಿ" ಎಂದ ಪೂರ್ಣೇಶ. ನನ್ನ ತಲೆ ಕೆಟ್ಟುಹೋಯಿತು.

"ಹಂಗಾದ್ರೆ ಹಾಡ್ಯಾಕೆ ಅಕ್ಕ? ಭಾಷಣಾನೇ ಮಾಡ್ಬಿಡಿ!"

ಕುಮುದಕ್ಕ ಎದ್ದರು. "ಬ್ಯಾಡ ಬಿಡು. ನನ್ನ ಕವನ ನಂಗೇ ಇರ್ಲಿ."

ಹಾಳು ನಾಲಿಗೆ! ತಡೆಯಲು ಎದ್ದೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮನೆಯಿಂದ ಯಜಮಾನರು.

"ಸಾರಿಗೆ ಉಪ್ಪು ಜಾಸ್ತಿ ಆತಾ? ಅಡ್ಡಿಲ್ಲೆ!" ದನಿಯಲ್ಲಿನ್ನೂ ನನ್ನ ಮೇಲಿನ ಸಿಟ್ಟು. "ಕರೆಂಟು ಹೋತಾ? ಅಡ್ಡಿಲ್ಲೆ." ಈಗ ಸ್ವಲ್ಪ ನಗು. "ನೆಂಟರು ಬಂದ್ವಾ? ಅಡ್ಡಿಲ್ಲೆ, ಅಡ್ಡಿಲ್ಲೆ."

ಸಾಗರದ ಕಡೆ ಪರವಾಗಿಲ್ಲ ಎನ್ನುವುದಕ್ಕೂ, ಆಗಲಿ ಎನ್ನುವುದಕ್ಕೂ, ಚೆನ್ನಾಗಿದೆ ಎನ್ನುವುದಕ್ಕೂ ಇದೊಂದೇ ಮಾತು. ಪ್ರತಿಸಲ ಬೇರೆಯೇ ರಾಗ. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳು ಸ್ಪೀಕರ್ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿತ್ತು.

"ತಪ್ಪಾಯ್ತು ಅಕ್ಕ," ಎಂದೆ. "ಆನಂದಪುರಕ್ಕೆ ಒಂದೇ ಸಲ ಹೋಗಿ. ಆದ್ರೆ ಒಂದೊಂದು ಭಾಗ ಮುಗಿದ್ಮೇಲೆ ಈ ಅಡ್ಡಿಲ್ಲೆ ಹೇಳ್ತೀರಾ?"

"ಅದು ಕವನದಲ್ಲಿ ಇಲ್ಲೆ."

"ಸ್ಕೂಟಿಯಿಂದ ಬಿದ್ದಾಗ ಏನಂದ್ರಿ?"

ಅವರ ತುಟಿಯಂಚಿನಲ್ಲಿ ನಗು ಕಾಣಿಸಿತು. "ಅದೇ ಅಂದಿದ್ದು."

"ಊರವ್ರು ಆಡಿಕೊಂಡಾಗ?"

ಅವರು ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ಹೋಗಿ ನಿಂತರು.

ಬಿದ್ದ ಮೇಲೊಂದು ಅಡ್ಡಿಲ್ಲೆ, ನೋವಿನದು. ಜನ ನಕ್ಕ ಮೇಲೊಂದು, ಉರಿಯುವಂಥದ್ದು. ಆನಂದಪುರದ ಸಾಲು ಒಂದೇ ಸಲ ಬಂತು. ಅದರ ಬೆನ್ನಿಗೇ ಅವರು ಗಂಟಲು ಬಿಟ್ಟು ಹೇಳಿದ ಅಡ್ಡಿಲ್ಲೆಗೆ ನಿಜವಾಗಿಯೂ ರಸ್ತೆಯಲ್ಲಿ ಅಡ್ಡಿ ಏನೂ ಇರಲಿಲ್ಲ. ಪೂರ್ಣೇಶ ದನಿಗೂಡಿಸಿದ. ನಾನು ಅಳುತ್ತಲೇ ಗಿಟಾರು ಬಾರಿಸಿದೆ.

ಎಲ್ಲ ಜೋಡಿಸಿ ಕೇಳಿಸಿದೆ. ಹಾಡು ಮುಗಿಯಿತು.

"ವೇದಿಕೆ ಮೇಲೆ ಹಾಡ್ಬಹುದಾ ಅಕ್ಕ?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿ ಎಳೆದುಕೊಂಡು ಸ್ಪೀಕರಿನ ಹತ್ತಿರವೇ ಕೂತರು.

"ಇನ್ನೊಂದು ಸಲ ಹಾಕೆ."