ಸಂಜೆಯ ಮಗ್ಗುಲು

"ಅವಳ್ಯಾರು? ಆ ನೀಲಿ ತಲೆವಸ್ತ್ರದವಳು? ನನಗಿಂತ ಜೋರಾಗಿ ಅಳ್ತಿದಾಳಲ್ಲ!"

ಉಗೆಟ್ ಅರಿಸ್ತೀದನ ಕೋಟಿನ ತೋಳು ಹಿಡಿದು ಜಗ್ಗಿದಳು. ಆತ ಆಗಷ್ಟೇ ಬುಟ್ಟಿಯಿಂದ ಒಂದು ಗುಲಾಬಿ ಎತ್ತಿಕೊಂಡು ಗುಂಡಿಯತ್ತ ಕೈ ಚಾಚಿದ್ದ. ಜಗ್ಗಿದ ರಭಸಕ್ಕೆ ಹೂವು ಶವಪೆಟ್ಟಿಗೆಯ ಮೇಲೆ ಬೀಳದೆ ಮಣ್ಣು ಮುಚ್ಚಲು ನಿಂತಿದ್ದವನ ಬೂಟಿನ ಮೇಲೆ ಬಿತ್ತು.

"ಸ್ವಲ್ಪ ಸುಮ್ನಿರೇ ತಾಯಿ," ಅರಿಸ್ತೀದ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ನಿಮ್ಮಕ್ಕನ್ನ ಮಣ್ಣು ಮಾಡ್ತಿದೀವಿ ಇಲ್ಲಿ."

"ಅದು ನಂಗೂ ಗೊತ್ತು. ಅವಳ್ಯಾರು ಅಂತ ಕೇಳ್ದೆ."

"ಅಸಿತಾನ್ ಅಂತ. ನಿಮ್ಮಕ್ಕ ಬ್ಲಾಂದೀನ್ ಮನೆ ಮೇಲಿನ ಮಹಡೀಲಿ ಇರೋದು. ಅವರಪ್ಪ ಆಫ್ರಿಕಾದಿಂದ ಬಂದೋರು, ಇವಳು ಇಲ್ಲೇ ಹುಟ್ಟಿದ್ದು. ಆಸ್ಪತ್ರೇಲಿ ಕೊನೇತನಕ ಜೊತೆಗಿದ್ದೋಳು ಅವಳೇ."

ಅರಿಸ್ತೀದ್ ಪ್ಯಾರಿಸ್ಸಿನ ಪಕ್ಕದ ಮೊಂತ್ರೇಯ್ ಊರಿನ ಸಂತೆಯಲ್ಲಿ ಜೀವಮಾನವೆಲ್ಲ ಚೀಸು ಮಾರಿದವನು. ಅಕ್ಕ ತಂಗಿ ಇಬ್ಬರಿಗೂ ಮಾರಿದ್ದ, ಆದರೆ ಒಬ್ಬಳ ಎದುರು ಇನ್ನೊಬ್ಬಳ ಸುದ್ದಿ ಅಪ್ಪಿತಪ್ಪಿಯೂ ಎತ್ತಿದವನಲ್ಲ. ಮೂವತ್ತು ವರ್ಷದಿಂದ ಅವರಿಬ್ಬರ ನಡುವೆ ಮಾತಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಉಗೆಟ್‌ಗೆ ಆಶ್ಚರ್ಯವಾದದ್ದು ಜನ ನೋಡಿ. ಅಕ್ಕನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಗೊಂಬೆ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಹುಬ್ಬು ಬರೆಯುತ್ತಿದ್ದವಳು, ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಊಟದ ಮನೆಯಲ್ಲಿ ಸೂಪು ಬಡಿಸಿದವಳು. ಅಂಥವಳಿಗೆ ಇಷ್ಟು ಜನವೇ? ಗಡ್ಡ ಬಿಟ್ಟ ಗಂಡಸರು ಮೂಗು ಒರೆಸಿಕೊಳ್ಳುತ್ತಿದ್ದರು. ಇವರೆಲ್ಲ ಯಾರು, ಅಕ್ಕ ಇವರಿಗೆ ಏನಾಗಬೇಕು ಎಂದು ಉಗೆಟ್ ಒಬ್ಬೊಬ್ಬರ ಮುಖವನ್ನೂ ಬಗ್ಗಿ ಬಗ್ಗಿ ನೋಡಿದಳು.

ಸ್ಮಶಾನದ ಎದುರಿನ ಕಾಫಿ ಅಂಗಡಿಯಲ್ಲಿ ಎಲ್ಲರೂ ಸೇರಿದಾಗ ಉತ್ತರ ತಾನಾಗಿ ಸಿಕ್ಕಿತು.

"ಶಾಲೇಲಿ ಈರುಳ್ಳಿ ಸೊಪ್ಪು ತಿಂದ್ರೆ ಮಾತ್ರ ಎರಡನೇ ಸಲ ಸಿಹಿ ಹಾಕೋರು," ಎಂದ ಒಬ್ಬ ಬಸ್ ಚಾಲಕ. "ಇವತ್ತಿಗೂ ಈರುಳ್ಳಿ ಸೊಪ್ಪು ನೋಡಿದ್ರೆ ನಂಗೆ ಬಾಯಲ್ಲಿ ನೀರು."

"ನಂಗೆ ಸೊಪ್ಪು ತಿನ್ನದೇ ಇದ್ರೂ ಹಾಕೋರು," ಎಂದಳು ಪಕ್ಕದವಳು.

"ಅದಕ್ಕೇ ನೀನು ಹಿಂಗಿದೀಯ!"

ನಗು ಎದ್ದಿತು. ಉಗೆಟ್‌ಗೂ ನಗು ಬಂತು. ಆದರೆ ಇವರಿಗೆಲ್ಲ ಗೊತ್ತಿದ್ದ ಅಕ್ಕ ತನಗೆ ಗೊತ್ತಿಲ್ಲ. ತನಗೆ ಗೊತ್ತಿದ್ದದ್ದು ಇಬ್ಬರ ತೋಟಗಳ ನಡುವಿನ ಗೋಡೆಯಾಚೆಯ ಸದ್ದು ಮಾತ್ರ. ಕೇಳಬೇಕಾದ್ದು ಒಂದೇ ಒಂದಿತ್ತು, ಕೇಳುವುದು ಯಾರನ್ನ? ಸಾಯೋತನಕ ನನ್ನ ಮೇಲೆ ಸಿಟ್ಟಿತ್ತಾ ಅವಳಿಗೆ?

ಆಗ ನೀಲಿ ತಲೆವಸ್ತ್ರದವಳು ಬಂದು ಎದುರಿಗೆ ಕೂತಳು.

"ಚಿಕ್ಕಮ್ಮಾ, ಒಂದು ಸಹಾಯ ಆಗ್ಬೇಕಿತ್ತು."

"ಯಾರಿಗೆ ಚಿಕ್ಕಮ್ಮ ನಾನು?"

"ಅವರನ್ನ ದೊಡ್ಡಮ್ಮ ಅಂತಿದ್ದೆ. ಹಂಗಾದ್ಮೇಲೆ ನೀವು ಇನ್ನೇನಾಗ್ತೀರಿ?" ಅಸಿತಾನ್ ತೋಟದ ಕೀಲಿಯನ್ನು ಮೇಜಿನ ಮೇಲಿಟ್ಟಳು. "ದೊಡ್ಡಮ್ಮ ಪೀಚ್ ಗಿಡ ಗೋಡೆಗೆ ಕಟ್ಟೋದು ಅರ್ಧಕ್ಕೇ ಬಿಟ್ಟು ಆಸ್ಪತ್ರೆ ಸೇರಿದ್ರು. ಕೊಂಬೆಗಳು ಗಾಳಿಗೆ ಬಡ್ಕೋತಿವೆ, ಇನ್ನೇನು ಮೊಗ್ಗೂ ಬರತ್ತೆ. ನಂಗೆ ಕಟ್ಟೋಕ್ಕೆ ಬರಲ್ಲ. ಈ ಊರಲ್ಲಿ ಬರೋದು ಇನ್ನು ನಿಮಗೊಬ್ಬರಿಗೇ."

"ನಾನು ಆ ಕಡೆಗೆ ಕಾಲಿಡಲ್ಲ," ಎಂದಳು ಉಗೆಟ್. ಕಣ್ಣು ಮಾತ್ರ ಕೀಲಿಯಿಂದ ಕದಲಲಿಲ್ಲ.

*

ಆ ಗೋಡೆ ಅವರ ಮುತ್ತಜ್ಜನ ಕಾಲದ್ದು. ಮೊಂತ್ರೇಯ್‌ನ ಪೀಚ್ ಹಣ್ಣು ಪ್ಯಾರಿಸ್ಸಿನ ಸಿರಿವಂತರ ಊಟದ ಮೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಊರ ತುಂಬ ಅಂಥವೇ ಬಿಳಿ ಗಾರೆಯ ಗೋಡೆಗಳಿದ್ದವು. ಹಗಲಿಡೀ ಬಿಸಿಲು ಕುಡಿದು ರಾತ್ರಿ ಗಿಡಕ್ಕೆ ಕಾವು ಕೊಡುವ ಗೋಡೆಗಳು. ಆಮೇಲೆ ರೈಲು ದಕ್ಷಿಣದಿಂದ ಅಗ್ಗದ ಹಣ್ಣು ಹೊತ್ತು ತಂದಿತು. ಗೋಡೆಗಳು ಒಂದೊಂದಾಗಿ ಉರುಳಿ ಕಾರ್ಖಾನೆಗಳೆದ್ದವು, ಬಹುಮಹಡಿ ಮನೆಗಳೆದ್ದವು, ಹೆದ್ದಾರಿ ಬಂತು. ಅಲ್ಲಲ್ಲಿ ಉಳಿದ ಗೋಡೆಗಳಲ್ಲಿ ಇವರದೂ ಒಂದು.

ಅಪ್ಪ ಸಾಯುವಾಗ ನೆಲವನ್ನು ಆ ಗೋಡೆಯ ಗುಂಟ ಹಂಚಿದ. ಬೆಳಗಿನ ಬಿಸಿಲು ಬೀಳುವ ಮಗ್ಗುಲು ಉಗೆಟ್‌ಗೆ, ಸಂಜೆಯ ಮಗ್ಗುಲು ಬ್ಲಾಂದೀನ್‌ಗೆ. ನಡುವೆ ಓಡಾಡಲು ಪುಟ್ಟ ಮರದ ಬಾಗಿಲು. ಸಂಜೆಯ ಬಿಸಿಲಿನ ಹಣ್ಣು ಹೆಚ್ಚು ಕೆಂಪು, ಹೆಚ್ಚು ಸಿಹಿ. ಹಾಗೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಉಗೆಟ್ಟೇ.

ಮೂವತ್ತು ವರ್ಷದ ಹಿಂದೆ ಪುರಭವನದ ಹಣ್ಣಿನ ಪ್ರದರ್ಶನದಲ್ಲಿ ಅಕ್ಕನ ಬುಟ್ಟಿಗೆ ಬಹುಮಾನ ಬಂತು. ಹೊಸ ಹಸಿರು ಕೋಟು ತೊಟ್ಟು ಹೋಗಿದ್ದ ಉಗೆಟ್‌ಗೆ ತಡೆಯಲಾಗಲಿಲ್ಲ. ನಾಲ್ಕು ಜನರ ನಡುವೆ ನಿಂತು ಅಂದೇಬಿಟ್ಟಳು: "ಇದು ಅಕ್ಕನ ಕೈಗುಣ ಅಲ್ಲ, ಅಪ್ಪ ಕೊಟ್ಟ ಬಿಸಿಲಿನ ಗುಣ. ಕತ್ತೆ ತಂದು ನಿಲ್ಸಿದ್ರೂ ಆ ಗೋಡೆ ಹಣ್ಣು ಬಿಡತ್ತೆ."

"ಹಂಗಾದ್ರೆ ಬಾರೇ," ಅಂದಳು ಬ್ಲಾಂದೀನ್. "ನೀನೇ ಬಂದು ನಿಂತ್ಕೋ."

ಭವನವೆಲ್ಲ ಗೊಳ್ಳೆಂದಿತು. ಉಗೆಟ್ ಮನೆಗೆ ಬಂದು ಕೋಟು ಬಿಚ್ಚಿ ಎಸೆದಳು. ಅದನ್ನು ಮತ್ತೆಂದೂ ಮೈಗೆ ಹಾಕಲಿಲ್ಲ, ಚರ್ಚಿನ ಹಳೆಬಟ್ಟೆ ಮಾರಾಟಕ್ಕೆ ಕೊಟ್ಟಳು. ಆ ಚಳಿಗಾಲ ತನ್ನ ಕಡೆಯಿಂದ ಬಾಗಿಲಿಗೆ ಗಾರೆ ಮೆತ್ತಿ ಮುಚ್ಚಿದಳು.

ಆಮೇಲೆ ಉಳಿದದ್ದು ಸುತ್ತಿಗೆಯ ಸದ್ದು. ಪ್ರತಿ ಫೆಬ್ರವರಿಯಲ್ಲಿ ಗಿಡ ಸವರಿ, ಕೊಂಬೆಗಳನ್ನು ಬಟ್ಟೆಯ ಪಟ್ಟಿಯಲ್ಲಿ ಬಳಸಿ ಗಾರೆಗೆ ಮೊಳೆ ಹೊಡೆಯಬೇಕು. ದಾರ ಕಟ್ಟಿದರೆ ತೊಗಟೆ ಕೊಯ್ಯುತ್ತದೆ, ಬಟ್ಟೆಯಾದರೆ ಇಲ್ಲ. ಈಚೆ ಠಕ್ ಠಕ್ ಎಂದರೆ ಆಚೆಯೂ ಠಕ್ ಠಕ್. ಈಚೆ ನಿಂತರೆ ಸ್ವಲ್ಪ ಹೊತ್ತಿಗೆ ಆಚೆಯೂ ನಿಲ್ಲುತ್ತಿತ್ತು. ಆಚೆ ಹೇಗೆ ಕಟ್ಟುತ್ತಾಳೆ, ಏನು ಕಟ್ಟುತ್ತಾಳೆ ಎಂದು ನೋಡದೆ ಉಗೆಟ್‌ಗೆ ಜೀವ ಹೋಗುವಷ್ಟಾಗುತ್ತಿತ್ತು. ಒಮ್ಮೆ ಏಣಿಯನ್ನೂ ಹಾಕಿದಳು. ತಲೆ ಇನ್ನೇನು ಗೋಡೆಯ ಮೇಲೆ ಬರಬೇಕು, ಆಚೆಯಿಂದ ಅಕ್ಕನ ಕೆಮ್ಮು ಕೇಳಿಸಿ ದಡಬಡ ಇಳಿದು ಮಂಡಿ ತರಚಿಕೊಂಡಳು.

ಈ ಸಲ ಫೆಬ್ರವರಿ ನಡುವೆ ಆಚೆಯ ಸದ್ದು ನಿಂತುಹೋಗಿತ್ತು. ಮತ್ತೇನು ಬಿಂಕವೋ ಎಂದುಕೊಂಡ ಉಗೆಟ್ ಯಾರನ್ನೂ ಕೇಳಲಿಲ್ಲ.

*

ಕೀಲಿ ತಿರುಗಿಸಿದ್ದು ಅಸಿತಾನ್, ಆದರೆ ಮೊದಲು ಒಳಗೆ ನುಗ್ಗಿದವಳು ಉಗೆಟ್.

ಸಂಜೆಯ ಬಿಸಿಲು ಗೋಡೆಯ ಮೇಲೆ ನೇರವಾಗಿ ಬಿದ್ದಿತ್ತು. ಎಲೆಯಿಲ್ಲದ ಕೊಂಬೆಗಳು ಬೀಸಣಿಗೆಯಂತೆ ಹರಡಿಕೊಂಡಿದ್ದವು. ಕಸುಬು ಬಲ್ಲ ಅವಳ ಕಣ್ಣು ಮೊದಲು ನೋಡಿದ್ದು ಕಟ್ಟಿನ ಅಂದವನ್ನ. "ಚೆನ್ನಾಗೇ ಕಟ್ಟಿದಾಳೆ ಹಾಳಾದೋಳು," ಎಂದು ಗೊಣಗಿದಳು. ನಡುವಿನ ಬಾಗಿಲ ಈ ಕಡೆಯ ಹಲಗೆ ಹಾಗೆಯೇ ಇತ್ತು, ಅದಕ್ಕೆ ಅಕ್ಕ ಬಣ್ಣವನ್ನೂ ಹೊಡೆದಿದ್ದಳು.

ಆಮೇಲೆ ಬಟ್ಟೆಯ ಪಟ್ಟಿಗಳನ್ನು ನೋಡಿದಳು. ತುದಿಯ ಎಳೆ ಕೊಂಬೆಗೆ ನೇರಳೆ ಉಣ್ಣೆ. ಹೋದ ಶರತ್ಕಾಲದಲ್ಲಷ್ಟೇ ಮೊಣಕೈ ಹರಿಯಿತೆಂದು ಅವಳು ಚರ್ಚಿಗೆ ಕೊಟ್ಟ ಸ್ವೆಟರಿನದು. ಇಂಥ ನೇರಳೆ ಎಷ್ಟು ಜನರ ಹತ್ತಿರ ಇರುವುದಿಲ್ಲ ಎಂದುಕೊಂಡು ಮುಂದೆ ಹೋದಳು. ಅಲ್ಲಿ ಚೌಕಳಿಯ ಲಂಗ, ಮಗಳ ಮದುವೆಗೆಂದು ಹೊಲಿಸಿದ್ದು. ಅದರ ಪಕ್ಕಕ್ಕೆ ತೀರಿಹೋದ ಗಂಡನ ಕಂದು ಪ್ಯಾಂಟು. ಉಗೆಟ್ ಕನ್ನಡಕ ಒರೆಸಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಇವೆಲ್ಲ ನನ್ನವು," ಎಂದಳು.

"ನಿಮ್ಮವೇ," ಎಂದಳು ಅಸಿತಾನ್. "ಮಾರಾಟದ ದಿನ ಚರ್ಚಿನ ಬಾಗಿಲು ತೆಗೆಯೋ ಮುಂಚೆನೇ ಹೋಗಿ ನಿಲ್ಲೋರು. ಯಾವುದು ನಿಮ್ಮದು ಅಂತ ದೂರದಿಂದ್ಲೇ ಗೊತ್ತಾಗೋದು ಅವರಿಗೆ. ಒಂದ್ಸಲ ಒಂದು ಕೋಟು ನಂಗೆ ಕೊಡಿ ದೊಡ್ಡಮ್ಮಾ, ಚೆನ್ನಾಗಿದೆ ಅಂದೆ. ಕೊಡ್ಲಿಲ್ಲ. ಇದು ಗೋಡೆಗೆ ಅಂದ್ರು."

"ಮತ್ತೇನಂದ್ಳು? ನಿಜ ಹೇಳು."

ಅಸಿತಾನ್ ತುಸು ಹಿಂಜರಿದಳು. "ನನ್ ತಂಗಿ ನಾಲಿಗೆ ಹೆಂಗಾದ್ರೂ ಇರ್ಲಿ, ಅವಳು ಕೊಳ್ಳೋ ಉಣ್ಣೆ ಮಾತ್ರ ಒಳ್ಳೇದು ಅಂದ್ರು."

ಉಗೆಟ್ ನಕ್ಕಳು. ನಗುತ್ತಲೇ ಅತ್ತಳು. ಸ್ಮಶಾನದಲ್ಲಿ ಬಾರದೆ ಹೋದ ಅಳುವೆಲ್ಲ ಈಗ ಬಂತು.

ಗಿಡದ ಬುಡದಲ್ಲಿ, ತೋಳಿನಷ್ಟು ದಪ್ಪವಾದ ಹಳೆಯ ಕೊಂಬೆಗೆ ಬಿಗಿದಿದ್ದ ಅಗಲವಾದ ಪಟ್ಟಿ ಬಿಸಿಲಿಗೆ ಬೆಳ್ಳಗಾಗಿತ್ತು. ಅವಳು ಅದರ ಮಡಿಕೆಯನ್ನು ಉಗುರಿನಿಂದ ಬಿಡಿಸಿ ನೋಡಿದಳು. ಬಿಸಿಲು ತಾಗದ ಒಳಗೆ ಬಟ್ಟೆ ಇನ್ನೂ ಹಸಿರಾಗಿತ್ತು. ಪ್ರದರ್ಶನದ ದಿನದ ಕೋಟು. ಉಗೆಟ್ ಬಹಳ ಹೊತ್ತು ಆ ಮಡಿಕೆಯ ಮೇಲೆ ಬೆರಳಿಟ್ಟು ನಿಂತಳು.

ಮೇಲೆ ಕಟ್ಟದೆ ಉಳಿದ ಕೊಂಬೆಯೊಂದು ಗಾಳಿಗೆ ಗಾರೆಯನ್ನು ಕೆರೆಯುತ್ತಿತ್ತು.

"ಸುತ್ತಿಗೆ ಎಲ್ಲಿ?"

ಅಸಿತಾನ್ ಸುತ್ತಿಗೆ, ಮೊಳೆ ತಂದುಕೊಟ್ಟಳು. "ಚೀಲದಲ್ಲಿ ಪಟ್ಟಿ ಮುಗಿದಿದೆ ಚಿಕ್ಕಮ್ಮಾ. ಮನೆಯಿಂದ ಏನಾದ್ರೂ ಹಳೇದು ತರ್ತೀನಿ ಇರಿ."

ಉಗೆಟ್ ಕೊರಳಿನ ಕಪ್ಪು ಶಾಲು ತೆಗೆದಳು. ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು.

"ಅಯ್ಯೋ, ಹೊಸದು! ಈ ಸಾವಿಗೆ ಅಂತ್ಲೇ ಕೊಂಡಿದ್ದಲ್ವಾ?"

"ಹೌದು. ಒಳ್ಳೇ ಉಣ್ಣೆ."

ಕೊಂಬೆಯನ್ನು ಹದವಾಗಿ ಬಗ್ಗಿಸಿ, ಕಪ್ಪು ಪಟ್ಟಿಯನ್ನು ಬಳಸಿ, ಎರಡೂ ತುದಿ ಕೂಡಿಸಿ ಮೊಳೆಯಿಟ್ಟಳು. ಠಕ್, ಠಕ್, ಠಕ್. ಮೊಳೆ ಗಾರೆಗೆ ಇಳಿಯಿತು. ಅಭ್ಯಾಸಬಲದಿಂದ ಕೈ ಅಲ್ಲೇ ನಿಂತಿತು, ಕಿವಿ ಗೋಡೆಯತ್ತ ವಾಲಿತು. ಆಚೆ ಇದ್ದದ್ದು ಅವಳದೇ ತೋಟ. ಅಲ್ಲಿ ಯಾರೂ ಇರಲಿಲ್ಲ. ಆದರೂ ಉಗೆಟ್ ಸುತ್ತಿಗೆ ಎತ್ತಿ ಹಿಡಿದುಕೊಂಡು, ಬಿಸಿಲಿಗೆ ಬೆಚ್ಚಗಾಗಿದ್ದ ಗಾರೆಗೆ ಕಿವಿಯಾನಿಸಿ ಕಾಯುತ್ತಲೇ ಇದ್ದಳು.