ಗೋಡೆ ದಾಟಿದ ಕಳೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕದ್ದಿಲ್ಲ. ಅವಳು ಕೊಟ್ಟಳು, ನಾನು ತೆಗೆದುಕೊಂಡೆ. ಏನು ಕೊಡುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಮೂವತ್ನಾಲ್ಕು ವರ್ಷ ಮಧುಗಿರಿ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ, ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ದಾಕ್ಷಾಯಣಮ್ಮ ಟೀಚರ್ ಈ ವಯಸ್ಸಿನಲ್ಲಿ ಹೀಗೆ ವಾದ ಮಾಡುವಂತಾಯಿತು.

ಪಕ್ಕದ ಮನೆಗೆ ತೇಜಸ್ವಿನಿ ಬಾಡಿಗೆಗೆ ಬಂದದ್ದು ಯುಗಾದಿ ಕಳೆದ ಮೇಲೆ. ಇಪ್ಪತ್ತಾರು ವರ್ಷದ ಹುಡುಗಿ, ಸೊಂಟದ ಮೇಲೆ ಎರಡು ವರ್ಷದ ಮಗಳು. ಗಂಡ ನವೀನ್ ಕುಮಾರ್ ಲೈನ್‌ಮನ್. ಮನೆಯಲ್ಲಿ ಇರುವುದಕ್ಕಿಂತ ಕಂಬದ ಮೇಲೆ ಇರುವುದೇ ಹೆಚ್ಚು. ಅವಳು ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ, ಅದೂ ಮೂರನೇ ಮಹಡಿಯಲ್ಲಿ. ಮಗು ಮಲಗಿದಾಗಲೆಲ್ಲ ಮೊಬೈಲ್ ನೋಡಿ ನೋಡಿ ಅವಳಿಗೊಂದು ಹುಚ್ಚು ಹಿಡಿದಿತ್ತು. ಅದರ ಹೆಸರು ಹೋಮ್‌ಸ್ಟೆಡ್ ಅಂತೆ. ಹೊಲದಲ್ಲೇ ಮನೆ, ಉಣ್ಣುವುದನ್ನೆಲ್ಲ ತಾವೇ ಬೆಳೆಯುವುದು, ಎರಡು ಹಸು, ಹತ್ತು ಕೋಳಿ. ಇದನ್ನು ಹೇಳುವಾಗ ಅವಳು ಒಲೆಯ ಮೇಲಿನ ಹಾಲನ್ನೂ ಮರೆಯುತ್ತಿದ್ದಳು.

ಹೊಲವೇನೋ ಇತ್ತು. ಅತ್ತೆ ಕೆಂಚಮ್ಮನದು, ಬಡವನಹಳ್ಳಿ ಹತ್ತಿರ ಒಂದೂವರೆ ಎಕರೆ. ಕೆಂಚಮ್ಮನಿಗೆ ಮಾತ್ರ ಆ ಪದ "ಹೋಂಸ್ಟೇ" ಎಂದು ಕೇಳಿಸಿಬಿಟ್ಟಿತ್ತು.

"ನನ್ನ ರಾಗಿ ಹೊಲದಾಗೆ ಯಾರ್ಯಾರೋ ಬಂದು ಮಂಚ ಹಾಕ್ಕಂಡು ಮಲಗ್ತಾರಂತೆ ಟೀಚರಮ್ಮ," ಎಂದು ನನ್ನ ಜಗುಲಿಗೆ ಬಂದು ದೂರಿದಳು. "ಅದ್ಕಿಂತ ಪಕ್ಕದ ಹೊಲದ ಕದರಪ್ಪಂಗೆ ವಾರಕ್ಕೆ ಕೊಟ್ಬುಡ್ತೀನಿ. ಬೆಳೆದಿದ್ರಲ್ಲಿ ಅರ್ಧ ತಂದಾಕ್ತಾನೆ."

ಸೊಸೆ ಅತ್ತಳು. ಮಗ ಕಂಬದಿಂದಿಳಿದು ಬಂದು ಇಬ್ಬರಿಗೂ ಸಮಾಧಾನ ಹೇಳಿದ. ಕೊನೆಗೆ ಕೆಂಚಮ್ಮ ಒಂದು ಮಾತಿಗೆ ಒಪ್ಪಿದಳು. "ಶ್ರಾವಣದ ಕಡೇ ಶನಿವಾರ ವೆಂಕಟರಮಣಸ್ವಾಮಿ ನೋಡಾಕೆ ಬತ್ತೀನಿ. ಅವತ್ತು ಈ ಹಿತ್ಲಾಗೆ ಬೆಳೆದಿದ್ರಲ್ಲೇ ಒಂದೊತ್ತಿನ ಸಾರು ಮಾಡಿ ಇಕ್ಲಿ. ಇಕ್ಕಿದ್ರೆ ಹೊಲ ಅವಳ್ದು. ಇಲ್ದಿದ್ರೆ ಕದರಪ್ಪಂದು."

ಹುಡುಗಿ ಸೆರಗು ಕಟ್ಟಿ ನಿಂತಳು ಎನ್ನೋಣವೆಂದರೆ ಅವಳು ಹಾಕುವುದು ನೈಟಿ. ಬ್ರೊಕೊಲಿ, ಗೋಲಿಯಷ್ಟು ಚಿಕ್ಕ ಟೊಮೆಟೊ, ನಾನು ಹೆಸರೂ ಕೇಳದ ಇನ್ನೇನೇನೋ ಬೀಜಗಳು ಕೊರಿಯರ್‌ನಲ್ಲಿ ಬಂದವು. ಪ್ರತಿ ಪಾತಿಗೂ ಐಸ್‌ಕ್ರೀಂ ಕಡ್ಡಿಯ ಮೇಲೆ ಹೆಸರು ಬರೆದು ನೆಟ್ಟಳು. ಮಗಳು ಕಡ್ಡಿ ಕಿತ್ತು ಬೇರೆ ಪಾತಿಗೆ ನೆಟ್ಟಳು. ಮುಂಗಾರು ಬಿದ್ದದ್ದೇ, ಬಿತ್ತಿದ್ದು ಹುಟ್ಟುವ ಮೊದಲು ಬಿತ್ತದೇ ಇದ್ದದ್ದೆಲ್ಲ ಹುಟ್ಟಿತು. ಅವಳು ಅಡುಗೆಮನೆಯ ಹಳೇ ಸ್ಟೀಲ್ ಚಮಚ ಹಿಡಿದು, ದಿನಾ ಸಂಜೆ ಕುಕ್ಕರಗಾಲಲ್ಲಿ ಕೂತು ಕಿತ್ತಳು.

"ಟೀಚರ್, ಈ ಕಳೆ ನಿಮ್ಮ ಗೊಬ್ಬರದ ಗುಂಡಿಗೆ ಹಾಕ್ಲಾ?" ಎಂದು ಗೋಡೆಯಾಚೆಯಿಂದ ಕೇಳಿದಳು.

"ಹಾಕಮ್ಮ, ಅದಕ್ಕೇನು," ಎಂದೆ.

ಅವಳು ಗೋಡೆಯ ಮೇಲಿಂದ ದಾಟಿಸಿದ ಬುಟ್ಟಿಯೊಳಗೆ ಇಣುಕಿದೆ. ಅಣ್ಣೆಸೊಪ್ಪು. ಅದರ ಕೆಳಗೆ ಗೋಣಿಸೊಪ್ಪು, ಕಿರಕಸಾಲೆ, ಹೊನಗೊನೆ. ಎಲ್ಲ ಎಳೆಯದು, ಮಣ್ಣಿನ ಸಮೇತ. ಅಂಗಡಿಯಲ್ಲಿ ಪಾಲಕ್, ದಂಟು ಬಿಟ್ಟರೆ ಇನ್ನೊಂದು ಸೊಪ್ಪು ಕಾಣದೆ ಎಷ್ಟು ವರ್ಷವಾಗಿತ್ತೋ. ಬೆರಕೆಸೊಪ್ಪಿನ ಬಸ್ಸಾರು ನೆನೆಸಿಕೊಂಡು ನನ್ನ ಬಾಯಲ್ಲಿ ನೀರೂರಿತು.

ಹೇಳಬಹುದಿತ್ತು. ಕಳೆ ಎಂದರೆ ಬೇಡದ ಗಿಡ, ಕಳೆ ಎಂದರೆ ಕಾಂತಿ, ಕಳೆ ಎಂದರೆ ಲೆಕ್ಕದಲ್ಲಿ ತೆಗೆ ಎಂದು ನಾನಾರ್ಥ ಬರೆಸಿದವಳು ನಾನು. ಅದಕ್ಕೆ ಸೊಪ್ಪು ಎಂಬ ಅರ್ಥವೂ ಇದೆಯಮ್ಮ ಎನ್ನಲು ಎಷ್ಟು ಹೊತ್ತು? ಹೇಳಿದರೆ ಮರುದಿನದಿಂದ ಬುಟ್ಟಿ ಬರುವುದಿಲ್ಲವಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆ ಎರಡು ತಿಂಗಳು ನಡೆಯಿತು.

"ನಮ್ಮ ಹಿತ್ತಲು ನೋಡೋಕೆ ಬನ್ನಿ ಟೀಚರ್," ಎಂದು ಅವಳು ಎಷ್ಟು ಸಲ ಕರೆದಳೋ. "ಮಂಡಿ ನೋವು ಕಣಮ್ಮ, ಗೇಟು ದಾಟೋಕೂ ಆಗಲ್ಲ," ಎನ್ನುತ್ತಿದ್ದೆ. ಗುಂಡಿಯ ಪಕ್ಕ ಅರ್ಧ ಗಂಟೆ ಕೂತು ಸೊಪ್ಪು ಸೋಸುವಾಗ ಅದೇ ಮಂಡಿ ತೆಪ್ಪಗಿರುತ್ತಿತ್ತು.

ಕಡೇ ಶನಿವಾರದ ಹಿಂದಿನ ಸಂಜೆ ದೊಡ್ಡ ಬುಟ್ಟಿ ಬಂತು. ಅತ್ತೆ ಬರುತ್ತಾಳೆಂದು ಹಿತ್ತಲನ್ನು ಒಂದು ಎಳೆಯೂ ಬಿಡದೆ ಕಿತ್ತು ಸ್ವಚ್ಛ ಮಾಡಿದ್ದಳು. ನಾನು ಸೋಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ, ನಾಳೆಯ ಬಸ್ಸಾರಿಗೆ.

ಶನಿವಾರ ಬೆಳಿಗ್ಗೆ ಬೆಟ್ಟದ ಕೋತಿಗಳು ಇಳಿದುಬಂದವು. ನಾನು ಕೋಲು ಹುಡುಕುವಷ್ಟರಲ್ಲಿ ಮುಗಿದೇ ಹೋಗಿತ್ತು. ಟೊಮೆಟೊ ಒಂದೂ ಇಲ್ಲ, ಬ್ರೊಕೊಲಿ ಬೇರು ಮೇಲಾಗಿ ಬಿದ್ದಿತ್ತು. ಒಂದು ಕೋತಿ ಐಸ್‌ಕ್ರೀಂ ಕಡ್ಡಿಯನ್ನೂ ಕಚ್ಚಿ ನೋಡಿ ಬಿಸಾಡಿತು. ತೇಜಸ್ವಿನಿ ಗೋಡೆ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿ ನಿಂತಿತ್ತು, ಕೆಳಗೆ ಬಿದ್ದಿರಲಿಲ್ಲ.

"ಹೊಲ ಹೋಯ್ತು ಟೀಚರ್," ಎಂದಳು.

ಅವಳು ಕಿತ್ತ ಕಳೆಯಾದರೂ ಅಲ್ಲಿ ಉಳಿದಿದ್ದರೆ ಆಗುತ್ತಿತ್ತು. ಅದೂ ನನ್ನ ಅಡುಗೆಮನೆಯಲ್ಲಿತ್ತು. ಒಳಗೆ ಹೋಗಿ ಸೊಪ್ಪಿನ ಗಂಟು ತಂದು ಗೋಡೆಯ ಮೇಲಿಟ್ಟೆ. "ತಗೋ, ಇದರಲ್ಲಿ ಬಸ್ಸಾರು ಮಾಡು. ಹೆಂಗೆ ಅಂತ ನಾನು ಹೇಳ್ತೀನಿ."

"ಬೇಡ ಟೀಚರ್. ನಮ್ಮ ಹಿತ್ತಲಲ್ಲಿ ಬೆಳೆದಿದ್ದೇ ಆಗ್ಬೇಕು. ನಾನು ಅತ್ತೆಗೆ ಸುಳ್ಳು ಹೇಳಲ್ಲ."

"ನಿನ್ನ ಹಿತ್ತಲದೇ ಕಣಮ್ಮ ಇದು."

ಅವಳು ಒಂದು ಸೊಪ್ಪಿನ ಕಡ್ಡಿ ಎತ್ತಿ ತಿರುಗಿಸಿ ನೋಡಿದಳು. "ಇದು ನಾನು ನಿನ್ನೆ ಕಿತ್ತ ಕಳೆ ಅಲ್ವಾ?" ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ದನಿ ತಗ್ಗಿಸಿ ಕೇಳಿದಳು. "ಟೀಚರ್, ನಿಮ್ಗೆ ಪೆನ್ಷನ್ ಸರಿಯಾಗಿ ಬರ್ತಿಲ್ವಾ?"

ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ವಾಸಿಯಾಗುತ್ತಿತ್ತು. ಪೆನ್ಷನ್ ಸರಿಯಾಗೇ ಬರುತ್ತದೆ, ನನ್ನ ಬುದ್ಧಿಯೇ ಸರಿಯಿಲ್ಲ ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಮೊದಲ ಸಲ ಗೇಟು ದಾಟಿ ಅವಳ ಅಡುಗೆಮನೆಗೆ ಹೋದೆ. ಬೇಳೆಯ ಜೊತೆ ಸೊಪ್ಪು ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬಿಸಿದೆ.

ಕೆಂಚಮ್ಮ ಹಣೆಯಲ್ಲಿ ನಾಮ ಇಟ್ಟುಕೊಂಡು ಹನ್ನೊಂದಕ್ಕೆ ಬಂದಳು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. ಇನ್ನೊಂದು ಮುದ್ದೆ ಕೇಳಿದಳು. ಅದೂ ಮುಗಿದ ಮೇಲೆ ಸೊಸೆಯ ಕಡೆ ನೋಡಿದಳು.

"ಅಣ್ಣೆಸೊಪ್ಪು ಐತೆ. ನೀನು ಬೆಳೆದಿದ್ದಾ?"

ಹೂಂ ಅನ್ನು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಆ ಹುಡುಗಿ ನನ್ನ ಕಡೆ ನೋಡಲೂ ಇಲ್ಲ. "ಇಲ್ಲ ಅತ್ತೆ. ಅದೇ ಬೆಳೀತು. ನಾನು ಕಳೆ ಅಂತ ಕಿತ್ತು ಹಾಕ್ತಿದ್ದೆ. ಟೀಚರ್ ತಿಂತಿದ್ರು. ನಾನು ಬೆಳೆದಿದ್ದೆಲ್ಲ ಕೋತಿ ತಿಂದ್ವು."

ಕೆಂಚಮ್ಮ ನನ್ನತ್ತ ತಿರುಗಿದಳು. "ಎಷ್ಟು ದಿನದಿಂದ ಟೀಚರಮ್ಮ?"

"ಎರಡು ತಿಂಗಳು," ಎಂದೆ. ಬೆಂಚಿನ ಮೇಲೆ ನಿಂತ ಹಾಗಾಯಿತು.

ಕೆಂಚಮ್ಮ ಕೈ ತೊಳೆದು ಹಿತ್ತಲಿಗೆ ನಡೆದಳು. ತೇಜಸ್ವಿನಿ ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಳು. ಕೆಂಚಮ್ಮ ಈ ತುದಿಯಿಂದ ಆ ತುದಿಗೆ ಓಡಾಡಿದಳು. ಕೂತು ಬೆರಳಿನಿಂದ ಮಣ್ಣು ಕೆದಕಿದಳು. ಇನ್ನೊಂದು ಕಡೆ ಕೆದಕಿದಳು.

"ಇದ್ನ ಕಿತ್ತೋರು ಯಾರು?"

"ನಾನೇ ಅತ್ತೆ."

"ಯಾತ್ರಲ್ಲಿ?"

ತೇಜಸ್ವಿನಿ ಚಮಚ ತಂದು ಕೊಟ್ಟಳು. ಅದರ ಬಾಯಿ ಸವೆದು, ಕತ್ತು ಸೊಟ್ಟಗಾಗಿತ್ತು. ಕೆಂಚಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ನಲವತ್ತು ವರ್ಷದಾಗೆ ನನ್ನ ಹೊಲದಾಗೆ ಯಾವ ಆಳೂ ಇಂಗೆ ಬುಡಸಮೇತ ಕಿತ್ತಿಲ್ಲ. ಆ ಕದರಪ್ಪ ಮ್ಯಾಗ್ಲು ತಲೆ ಚಿವುಟಿ ಮನೀಗೋಗ್ತಾನೆ. ಸೊಪ್ಪು ಯಾವ್ದು, ಕಳೆ ಯಾವ್ದು ಅಂತ ನಾನು ಹೇಳ್ಕೊಡ್ತೀನಿ ಬುಡು. ಬಗ್ಗಿ ಕೀಳೋದ್ನ ಹೇಳ್ಕೊಡಾಕಾಗಲ್ಲ." ಚಮಚವನ್ನು ಸೊಸೆಯ ಕೈಗೆ ವಾಪಸ್ ಇಟ್ಟಳು. "ಹೊಲ ನೀನೇ ಮಾಡ್ಕೋ. ಮಂಚ ಮಾತ್ರ ಹಾಕಂಗಿಲ್ಲ."

ತೇಜಸ್ವಿನಿ ತಡೆದಿದ್ದ ಕಣ್ಣೀರು ಆಗ ಬಿತ್ತು. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ, ಮರೆಮಾಚುವುದೇನು.

ಮರುವಾರ ಸಂಜೆ ಗೋಡೆಯಾಚೆಯಿಂದ ಅದೇ ದನಿ. "ಟೀಚರ್, ಕಳೆ ಹಾಕ್ಲಾ?" ಬೇಗ ಬೇಗ ಗುಂಡಿಗೆ ಹೋದೆ. ಬುಟ್ಟಿಯ ತಳದವರೆಗೆ ಕೆದಕಿದೆ. ಬರೀ ಪಾರ್ಥೇನಿಯಂ. ಒಂದು ಎಲೆ ಅಣ್ಣೆಸೊಪ್ಪೂ ಇರಲಿಲ್ಲ.

"ಏನಾದ್ರೂ ಬಿದ್ದೋಯ್ತಾ ಟೀಚರ್?" ಎಂದಳು ತೇಜಸ್ವಿನಿ. ನಗು ತಡೆಯಲು ಮಗುವಿನ ಹೆಗಲಿಗೆ ಮುಖ ಒತ್ತಿಕೊಂಡಿದ್ದಳು. "ರಾಗಿ ಹೊಲದಲ್ಲಿ ಸೊಪ್ಪು ಮಂಡಿವರೆಗೂ ಬೆಳೆದಿದೆಯಂತೆ. ಭಾನುವಾರ ಕೀಳೋಕೆ ಹೋಗ್ತಿದ್ದೀವಿ. 'ಟೀಚರಮ್ಮನ್ನೂ ಕರ್ಕಂಡು ಬಾ, ಎರಡು ತಿಂಗಳು ತಿಂದವ್ರೆ, ಒಂದಿನ ಬಗ್ಲಿ' ಅಂದ್ರು ಅತ್ತೆ. ಕಿತ್ತಿದ್ದೆಲ್ಲ ನಿಮ್ಗೇ ಅಂತೆ. ಆದ್ರೆ ಪಾಪ, ನಿಮ್ಮ ಮಂಡಿ..."

"ಬಡವನಹಳ್ಳಿಗೆ ಮೊದಲನೇ ಬಸ್ಸು ಎಷ್ಟಕ್ಕಮ್ಮ?" ಎಂದೆ ನಾನು.