ವಠಾರದ ನೀಲಿ ಡ್ರಮ್ಮುಗಳು

ಓದಿದ್ದನ್ನೆಲ್ಲ ಎಲ್ಲಿಗಾದರೂ ಹಚ್ಚಿ ನೋಡುವುದು ನನ್ನ ಚಟ. ವಾರವೆಲ್ಲ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಅಂಗಿಗಳ ಹೊಲಿಗೆ ತಪಾಸಣೆ, ಭಾನುವಾರ ದೂರಶಿಕ್ಷಣದ ಎಂ.ಎ. ಕ್ಲಾಸು. ಆ ವರ್ಷ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಇತ್ತು. ದೇಶಗಳ ತಲೆಯ ಮೇಲೆ ದೊಡ್ಡ ಯಜಮಾನ ಅಂತ ಯಾರೂ ಇಲ್ಲ, ಪ್ರತಿ ದೇಶವೂ ತನ್ನ ಗಡಿಯೊಳಗೆ ತಾನೇ ಸಾರ್ವಭೌಮ ಎಂದು ಮೊದಲ ಪಾಠದಲ್ಲಿತ್ತು. ಓದಿ ನಗು ಬಂತು. ಇದು ಬಾಗಲಗುಂಟೆಯ ನಮ್ಮ ವಠಾರವೇ ಅಲ್ಲವೇ!

ಆರು ಕೋಣೆ, ಒಂದೇ ನಲ್ಲಿ. ಮೂರು ದಿನಕ್ಕೊಮ್ಮೆ ಒಂದು ಗಂಟೆ ನೀರು. ಜಗಳವಾದರೆ ಹಿಂದಿನ ಮನೆಯಲ್ಲಿರುವ ಓನರ್ ಮುನಿಯಕ್ಕನ ಹತ್ತಿರ ಹೋಗುತ್ತಿದ್ದೆವು. "ನನ್ತಾವ ಏನೂ ಯೋಳ್‌ಬ್ಯಾಡಿ. ನೀವ್ ನೀವೇ ನೋಡ್ಕಳಿ," ಎಂದು ಬಾಗಿಲು ಮುಂದೆ ಮಾಡುತ್ತಿದ್ದಳು. ಅಲ್ಲಿಗೆ ವಿಶ್ವಸಂಸ್ಥೆಯ ಸಭೆ ಮುಗಿಯುತ್ತಿತ್ತು.

ಎದುರು ಕೋಣೆಯಲ್ಲಿ ಮಲಕವ್ವ. ನಮ್ಮಂತೆಯೇ ಯಲಬುರ್ಗಾ ಕಡೆಯವಳು, ನನಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಇದ್ದಂತೆ. ಎರಡು ವರ್ಷದ ನನ್ನ ಮಗಳು ದಾನೇಶ್ವರಿಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳೇ ನೋಡಿಕೊಳ್ಳುತ್ತಿದ್ದಳು. ನನ್ನ ಗಂಡ ಲಾರಿ ಡ್ರೈವರು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಮಲಕವ್ವ ಒಲ್ಲೆ ಎಂದರೆ ನನ್ನ ಕೆಲಸವೂ ಹೋಯಿತು, ಎಂ.ಎ.ಯೂ ಹೋಯಿತು.

ಪರೀಕ್ಷೆ ಹತ್ತಿರ ಬಂತೆಂದು, ನಲ್ಲಿಯ ಮುಂದೆ ಕಾಯುವುದು ತಪ್ಪಲಿ ಅಂತ ದೊಡ್ಡದೊಂದು ನೀಲಿ ಡ್ರಮ್ಮು ಕೊಂಡೆ. ಕೋಣೆಯೊಳಗಿಟ್ಟು ತುಂಬಿಸಿದೆ, ಬಾಗಿಲಿಗೆ ಕೀಲಿ ಹಾಕಿ ಕೆಲಸಕ್ಕೆ ಹೋದೆ. ಮುಂದಿನ ಸರದಿಗೆ ಮಲಕವ್ವನ ಬಾಗಿಲಲ್ಲೂ ಅಂಥದೇ ಡ್ರಮ್ಮು! ನಾನು ಎರಡನೆಯದು ತಂದೆ. ಅವಳೂ ಎರಡನೆಯದು ತಂದಳು. ಮೊದಲೆಲ್ಲ ನನ್ನ ಕೊಡವನ್ನೂ ಸಾಲಿನಲ್ಲಿ ಇಡುತ್ತಿದ್ದವಳು ಈಗ ತನ್ನದಷ್ಟೇ ಇಡತೊಡಗಿದಳು. ಮಾತು ಕಡಿಮೆಯಾಯಿತು. ಬೆಳಿಗ್ಗೆ ಮಗುವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವಾಗಲೂ ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಇದಕ್ಕೂ ಪುಸ್ತಕದಲ್ಲಿ ಹೆಸರಿತ್ತು, 'ಭದ್ರತೆಯ ಇಕ್ಕಟ್ಟು'. ಒಂದು ದೇಶ ತನ್ನ ರಕ್ಷಣೆಗೆಂದು ಆಯುಧ ಕೂಡಿಡುತ್ತದೆ, ಪಕ್ಕದ ದೇಶ ಅದನ್ನು ಕಂಡು ಹೆದರಿ ತಾನೂ ಕೂಡಿಡುತ್ತದೆ. ಭಾನುವಾರ ನಮ್ಮ ಪರಮಾನಂದ ಮೇಷ್ಟ್ರನ್ನು ಕೇಳಿದೆ.

"ಸಾರ್, ಇದನ್ನ ಮೊದ್ಲು ಯಾರು ನಿಲ್ಲಿಸ್ಬೇಕು?"

"ಯಾರೂ ನಿಲ್ಸಲ್ಲಮ್ಮ, ಅದಕ್ಕೇ ಅದನ್ನ ಇಕ್ಕಟ್ಟು ಅನ್ನೋದು. ಹತ್ತು ಮಾರ್ಕ್ಸಿಗೆ ಬರುತ್ತೆ, ಬರ್ಕೊಳ್ಳಿ."

ಬರೆದುಕೊಂಡೆ. ಆದರೆ ಯಾರಾದರೂ ಒಬ್ಬರು ಮೊದಲು ಕೆಳಗಿಟ್ಟರೆ ಏನಾಗುತ್ತದೆ ಎಂಬ ಕುತೂಹಲ ತಲೆಯಿಂದ ಹೋಗಲೇ ಇಲ್ಲ. ಸೋಮವಾರ ಬೆಳಿಗ್ಗೆ ನನ್ನ ಎರಡನೆಯ ಡ್ರಮ್ಮಿನ ನೀರನ್ನು ಮೊದಲನೆಯದಕ್ಕೂ ಕೊಡಗಳಿಗೂ ಸುರಿದು ಬರಿದು ಮಾಡಿ, ಉರುಳಿಸಿಕೊಂಡು ಹೋಗಿ ಮಲಕವ್ವನ ಹೊಸ್ತಿಲ ಮುಂದೆ ನಿಲ್ಲಿಸಿದೆ. ಮಗು ಆಗಲೇ ಅವಳ ಸೊಂಟದ ಮೇಲಿತ್ತು.

"ಚಿಗವ್ವಾ, ಇದು ನಿನಗ ಇರ್ಲಿ."

ಅವಳು ಡ್ರಮ್ಮಿನೊಳಗೆ ಇಣುಕಿದಳು. ಮುಖ ಕಪ್ಪಿಟ್ಟಿತು.

"ಬರೇ ಡ್ರಮ್ಮು ತಂದು ಕೊಡ್ತೀ? ಋಣ ಹರೀತು ಅಂತ ಬಾಯಿಲೆ ಹೇಳಿದ್ರ ಸಾಕಿತ್ತಲ್ಲ. ನಾಳಿಂದ ಕೂಸಿನ್ನ ಬ್ಯಾರೆ ಕಡೆ ಬಿಡು."

ನಮ್ಮ ಕಡೆ ಎರವಲು ತಂದ ಬಟ್ಟಲನ್ನು ಹಿಂದಿರುಗಿಸುವಾಗಲೂ ಹಿಡಿ ಜೋಳವನ್ನೋ ಚೂರು ಬೆಲ್ಲವನ್ನೋ ಹಾಕಿ ಕೊಡುತ್ತಾರೆ. ಬರಿದಾದ ಪಾತ್ರೆ ಯಾರೂ ಕೊಡುವುದಿಲ್ಲ, ಸಂಬಂಧ ಕಡಿದುಕೊಳ್ಳಬೇಕೆನ್ನುವವರನ್ನು ಬಿಟ್ಟು. ದೇಶದೇಶಗಳ ಒಪ್ಪಂದ ಓದುತ್ತಾ ಕೂತವಳಿಗೆ ಅವ್ವ ಕಲಿಸಿದ್ದು ಮರೆತುಹೋಗಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ. ಅಳುತ್ತಲೇ ಕೇಳಿದೆ:

"ನೀ ಎರಡೆರಡು ಡ್ರಮ್ಮು ಯಾಕ ತಂದಿ ಚಿಗವ್ವಾ?"

ಒಂದು ತಿಂಗಳಿಂದ ನಾನು ಕೇಳದೇ ಇದ್ದ ಪ್ರಶ್ನೆ ಇದೊಂದೇ.

"ಮೊದಲು ಕೂಸಿಗಂತ ಎರಡು ಕೊಡ ನೀರು ಹೊರಗ ಇಟ್ಟು ಹೋಗ್ತಿದ್ದಿ. ಡ್ರಮ್ಮು ಬಂದಿದ್ದ ತಡ, ಎಲ್ಲಾ ನೀರು ಒಳಗಿಟ್ಟು ಕೀಲಿ ಹಾಕ್ಕೊಂಡು ಹೊಂಟಿ. ಹಗಲೆಲ್ಲಾ ನಿನ್ನ ಮಗಳ ಮೈ ತೊಳೀಲಿಕ್ಕ, ಅರಿವಿ ಒಗೀಲಿಕ್ಕ ನಾ ಎಲ್ಲಿಂದ ನೀರು ತರ್ಲಿ?"

ನಾನು ಶತ್ರುವಿನ ಆಯುಧ ಎಂದು ಎಣಿಸಿದ ಎರಡು ಡ್ರಮ್ಮೂ ನನ್ನ ಮಗಳ ನೀರು.

ಒಳಗೆ ಓಡಿ ಒಂದು ಉಂಡೆ ಬೆಲ್ಲ ತಂದು ಡ್ರಮ್ಮಿಗೆ ಹಾಕಿದೆ. ಅದು ತಳಕ್ಕೆ ಬಿದ್ದು ಧಡ್ ಎಂದಿತು. ಅದರ ಹಿಂದೆಯೇ ನನ್ನ ಕೋಣೆಯ ಇನ್ನೊಂದು ಕೀಲಿಕೈಯನ್ನೂ ಹಾಕಿದೆ. ಮಲಕವ್ವ ಡ್ರಮ್ಮು ವಾಲಿಸಿ ಎರಡನ್ನೂ ತೆಗೆದಳು. ಬೆಲ್ಲದ ಚೂರೊಂದನ್ನು ಮಗುವಿನ ಬಾಯಿಗಿಟ್ಟಳು. ಕೀಲಿಕೈಯನ್ನು ಒಂದಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೊತ್ತಾತು, ಫ್ಯಾಕ್ಟರಿಗಿ ನಡಿ," ಎಂದಳು. "ಸಂಜೀಕ ಬರೂಮುಂದ ಕೂಸಿನ ಅರಿವಿ ಒಗೀಲಿಕ್ಕ ಸಬಕಾರ ತಗೊಂಡು ಬಾ. ನೀರು ಹೆಂಗೂ ನಿನ್ನ ಮನ್ಯಾಗ ಅದಾವು."